ಗಾಣದ ಎಣ್ಣೆ ಘಟಕದ ಪ್ರಾಜೆಕ್ಟ್ ರಿಪೋರ್ಟ್: ಲೆಕ್ಕ ಎಲ್ಲಿ ತಪ್ಪುತ್ತದೆ

ಬ್ಯಾಂಕಿನಲ್ಲಿ ಪ್ರಾಜೆಕ್ಟ್ ರಿಪೋರ್ಟನ್ನು ಮೊದಲಿಂದ ಕೊನೆವರೆಗೆ ಓದುವವರು ಕಡಿಮೆ. ಸಾಲದ ಮೊತ್ತ ನೋಡಿ, ವೆಚ್ಚದ ಪಟ್ಟಿಗೆ ಹೋಗಿ, ಕೊಟೇಶನ್ ಜೊತೆ ತಾಳೆ ಹಾಕುತ್ತಾರೆ. ಪಟ್ಟಿಯಲ್ಲಿ ಗಾಣಕ್ಕೆ 6.4 ಲಕ್ಷ, ಕೊಟೇಶನ್‌ನಲ್ಲಿ 6.1 ಲಕ್ಷ ಇದ್ದರೆ ಫೈಲು ಅಲ್ಲೇ ನಿಂತಿತು. ಆ ವ್ಯತ್ಯಾಸ ಬಹುತೇಕ ಜಿಎಸ್‌ಟಿ, ಸಾಗಣೆ, ಜೋಡಣೆಯದ್ದು. ಅವನ್ನು ಬೇರೆ ಬೇರೆ ಸಾಲಿನಲ್ಲೇ ಬರೆಯಿರಿ.

ಮೊದಲ ಪುಟವನ್ನು ಎಲ್ಲ ಮುಗಿದ ಮೇಲೆ ಬರೆಯಿರಿ: ಒಟ್ಟು ವೆಚ್ಚ, ಸ್ವಂತ ಹಣ, ಸಾಲ, ತೀರಿಸುವ ಅವಧಿ. ಸಬ್ಸಿಡಿಯನ್ನು ಸ್ವಂತ ಹಣ ಎಂದು ತೋರಿಸಬೇಡಿ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಗಾರರು ಕನಿಷ್ಠ 10% ಹಾಕಲೇಬೇಕು. ಸಬ್ಸಿಡಿ ಬಂದರೂ 3 ವರ್ಷ ಬೇರೆ ಖಾತೆಯಲ್ಲಿರುತ್ತದೆ. ದೇಶದ ಖಾದ್ಯತೈಲ ಬೇಡಿಕೆಯ ಬಗ್ಗೆ ನಾಲ್ಕು ಪುಟ ಯಾರಿಗೂ ಬೇಡ. ನಿಮ್ಮ ಎಣ್ಣೆ ಕೊಳ್ಳುವ ಅಂಗಡಿಗಳ ಪಟ್ಟಿ ಕೊಡಿ.

ತಪ್ಪು ಹೆಚ್ಚು ನಡೆಯುವುದು ಉತ್ಪಾದನೆಯ ಲೆಕ್ಕದಲ್ಲಿ. ದಿನಕ್ಕೆ 100 ಕಿಲೋ ಶೇಂಗಾ ಬೀಜ, ವರ್ಷಕ್ಕೆ 300 ದಿನ, ಮೊದಲ ವರ್ಷ 60% ಸಾಮರ್ಥ್ಯ ಎಂದರೆ 18,000 ಕಿಲೋ. ಮರದ ಗಾಣದಲ್ಲಿ ಸುಮಾರು 40% ಇಳುವರಿ ಹಿಡಿದರೆ 7,200 ಕಿಲೋ ಎಣ್ಣೆ. ಇಲ್ಲಿ ಕಿಲೋವನ್ನೇ ಲೀಟರ್ ಎಂದು ಬರೆದುಬಿಡುತ್ತಾರೆ. ಲೀಟರ್ ಶೇಂಗಾ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಅಂದರೆ 7,900 ಲೀಟರ್ ಆಸುಪಾಸು. ಹಿಂಡಿಯೂ ಹತ್ತು ಟನ್ ಹತ್ತಿರ ಸಿಗುತ್ತದೆ, ಅದರ ಮಾರಾಟ ಬಿಟ್ಟರೆ ಲಾಭವೇ ಕಾಣುವುದಿಲ್ಲ. ಕಾಯಿ ಕೊಳ್ಳುವವರಾದರೆ ನೆನಪಿಡಿ, 100 ಕಿಲೋ ಸುಲಿದರೆ ಬೀಜ 70 ಕಿಲೋ ಮಾತ್ರ.

ದುಡಿಯುವ ಬಂಡವಾಳಕ್ಕೆ ವಾರ್ಷಿಕ ವಹಿವಾಟಿನ 25% ಹಿಡಿದು, ಅದರಲ್ಲಿ ವಹಿವಾಟಿನ 20% ಬ್ಯಾಂಕು, 5% ನೀವು ಎಂಬುದು ರೂಢಿಯ ಸೂತ್ರ. ಶೇಂಗಾಕ್ಕೆ ಅದು ಸಾಲದೆ ಹೋಗಬಹುದು. ಚಳ್ಳಕೆರೆ ಕಡೆ ಮುಂಗಾರು ಬೆಳೆಯ ಆವಕ ಜೋರಾಗುವ ಹೊತ್ತಿಗೇ ಹಲವು ತಿಂಗಳ ಬೀಜ ಕೊಂಡಿಡಬೇಕು. ಆ ದಾಸ್ತಾನನ್ನು ತಿಂಗಳುವಾರು ಕೋಷ್ಟಕದಲ್ಲಿ ತೋರಿಸಿದರೆ ಹೆಚ್ಚು ಕೇಳಲು ಆಧಾರ ಸಿಗುತ್ತದೆ.

ಕೊನೆಗೆ ಡಿಎಸ್‌ಸಿಆರ್, ಅಂದರೆ ಸಾಲ ತೀರಿಸುವ ಸಾಮರ್ಥ್ಯದ ಅನುಪಾತ: ನಿವ್ವಳ ಲಾಭ, ಸವಕಳಿ, ಬಡ್ಡಿ ಕೂಡಿಸಿ, ಆ ವರ್ಷದ ಕಂತು ಮತ್ತು ಬಡ್ಡಿಯಿಂದ ಭಾಗಿಸಿ. ಸರಾಸರಿ 1.5ರ ಆಸುಪಾಸು ಇದ್ದರೆ ಮಾತು ಮುಂದುವರಿಯುತ್ತದೆ. 3 ಬಂದರೆ ಅನುಮಾನ ಪಡುತ್ತಾರೆ, ಮಾರಾಟದ ದರ ಉಬ್ಬಿಸಿರುತ್ತೀರಿ. ಬೀಜದ ಬೆಲೆ 10% ಏರಿದರೆ ಈ ಅನುಪಾತ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ ಅದೇ.