ನರವಲ್ಲ, ಬಿರುಕು

ಮಾರ್ಚ್ 14, 2025, ಶುಕ್ರವಾರ

ಮೂರು ವಾರದಿಂದ ನಂಬಿಕೊಂಡು ಬಂದಿದ್ದ ಒಂದು ಗೆರೆಯನ್ನು ಇವತ್ತು ಪಳೆಯುಳಿಕೆಯಾದ ಇರುವೆ ರೆಕ್ಕೆಯ ನನ್ನ ಚಿತ್ರದಿಂದ ಅಳಿಸಿದೆ.

ಕಲ್ಲು ಅಂಗೈಗಿಂತ ಚಿಕ್ಕದು. ಹಾಳೆ ಹಾಳೆಯಾಗಿ ಸೀಳಿಕೊಳ್ಳುವ ಶೇಲ್. ಅದರ ಮೇಲೆ 11 ಮಿಲಿಮೀಟರ್ ಉದ್ದದ ಒಂದೇ ಒಂದು ರೆಕ್ಕೆಯ ಅಚ್ಚು. ಇರುವೆ ಅಂತ ಗುರುತಿಸಲು ನಾವು ಮೊದಲು ನೋಡುವುದು ಸೊಂಟದ ಗಂಟನ್ನು, ಮೊಣಕೈ ಹಾಗೆ ಬಾಗಿದ ಮೀಸೆಯನ್ನು. ಇಲ್ಲಿ ಅವೆರಡೂ ಇಲ್ಲ. ಇರುವುದು ರೆಕ್ಕೆ, ರೆಕ್ಕೆಯೊಳಗಿನ ನರಗಳು, ಅಷ್ಟೇ.

ರೆಕ್ಕೆ ಮಾತ್ರ ಸಿಗುವುದಕ್ಕೆ ಕಾರಣ ಇದೆ. ಇರುವೆಗಳಲ್ಲಿ ರೆಕ್ಕೆ ಬರುವುದು ರಾಣಿಗೆ ಮತ್ತು ಗಂಡಿಗೆ. ಗಂಡಿನ ಜೊತೆ ಕೂಡಿದ ಮೇಲೆ ರಾಣಿ ತನ್ನ ರೆಕ್ಕೆಗಳನ್ನು ತಾನೇ ಕಳಚಿ ಹಾಕಿ ಗೂಡು ಮಾಡಲು ಹೋಗುತ್ತಾಳೆ. ಬಿದ್ದ ರೆಕ್ಕೆ ಗಾಳಿಗೆ ಹಾರಿ ನೀರಿಗೆ ಬಿದ್ದು, ತಳದ ನುಣುಪಾದ ಕೆಸರಿನಲ್ಲಿ ಮುಚ್ಚಿಹೋದರೆ ಲಕ್ಷಾಂತರ ವರ್ಷ ಉಳಿಯಬಹುದು. ಮೈ ಕೊಳೆಯುತ್ತದೆ, ಮೀನಿನ ಬಾಯಿಗೆ ಸಿಗುತ್ತದೆ. ರೆಕ್ಕೆ ಯಾರಿಗೂ ಬೇಡ.

ಇದು ಇರುವೆಯದೇ ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಗೆದ್ದಲಿನ ರೆಕ್ಕೆಯಲ್ಲಿ ಇಷ್ಟು ಅಚ್ಚುಕಟ್ಟಾದ, ನಾಲ್ಕೂ ಕಡೆ ಮುಚ್ಚಿದ ಮನೆಗಳಿರಲ್ಲ. ನರಗಳ ನಡುವಿನ ಈ ಮನೆಗಳನ್ನು ಸೆಲ್ ಅಂತೀವಿ. ಕಣಜಗಳಲ್ಲಿ ಅವು ಸಾಮಾನ್ಯವಾಗಿ ಜಾಸ್ತಿ, ಇರುವೆಗಳಲ್ಲಿ ಕಡಿಮೆ. ನನ್ನ ರೆಕ್ಕೆಯಲ್ಲಿ ಮುಂದಿನ ಅಂಚಿನ ಹತ್ತಿರ ಟೆರೊಸ್ಟಿಗ್ಮಾ ಅನ್ನುವ ಕಂದು ಮಚ್ಚೆ ಇದೆ. ಅದರ ಕೆಳಗೆ ಒಂದೇ ಒಂದು ಸಬ್‌ಮಾರ್ಜಿನಲ್ ಸೆಲ್.

ಅದಕ್ಕೂ ಕೆಳಗೆ, ನಡು ರೆಕ್ಕೆಯಲ್ಲಿ, ನನ್ನ ಗೆರೆ. ಎರಡು ಉದ್ದ ನರಗಳನ್ನು ಅಡ್ಡಲಾಗಿ ಸೇರಿಸುವ ಚಿಕ್ಕ ನರ. ಅದಿದ್ದರೆ ಅಲ್ಲಿ ಡಿಸ್ಕಾಯ್ಡಲ್ ಸೆಲ್ ಮುಚ್ಚಿಕೊಳ್ಳುತ್ತದೆ, ರೆಕ್ಕೆ ಫಾರ್ಮಿಕಾ ಅನ್ನುವ ಇರುವೆ ಕುಲದ ಕಡೆ ವಾಲುತ್ತದೆ. ಇಲ್ಲದಿದ್ದರೆ ಕ್ಯಾಂಪೊನೋಟಸ್ ಅನ್ನುವ ಇನ್ನೊಂದು ಕುಲದ ಹಾಗೆ ಕಾಣುತ್ತದೆ. ಈ ಒಂದು ಗೆರೆಯ ಮೇಲೇ ನಾನು ಎಲ್ಲವನ್ನೂ ನಿಲ್ಲಿಸಿದ್ದೆ. ಹೊಸ ಜಾತಿಗೆ ಒಂದು ಹೆಸರನ್ನೂ ಮನಸ್ಸಿನಲ್ಲೇ ಇಟ್ಟುಬಿಟ್ಟಿದ್ದೆ.

ಬೆಳಿಗ್ಗೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಂಟಿದ್ದ ಕಲ್ಲಿನ ತೆಳು ಪೊರೆಯನ್ನು ಸೂಜಿಯಿಂದ ಬಿಡಿಸಿದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಆಮೇಲೆ ಒಂದು ಹನಿ ಆಲ್ಕೋಹಾಲ್ ಬಿಟ್ಟೆ. ಒದ್ದೆಯಾದ ಕೂಡಲೇ ಕಲ್ಲು ಕಪ್ಪಾಗಿ, ನರಗಳು ಕಂದು ಬಣ್ಣದಲ್ಲಿ ಮೇಲೆದ್ದವು. ನನ್ನ ಗೆರೆ ಮಾತ್ರ ಏಳಲಿಲ್ಲ. ಅದಕ್ಕೆ ಬಣ್ಣವೇ ಇರಲಿಲ್ಲ. ಹನಿ ಆರಿದ ಮೇಲೆ ದೀಪವನ್ನು ಎಡಗಡೆ ತಗ್ಗಿಸಿ ಇಟ್ಟು ನೋಡಿದೆ. ಉಬ್ಬಿದ ನರಗಳ ನೆರಳು ಬಲಕ್ಕೆ ಬಿತ್ತು. ಈ ಗೆರೆಯ ನೆರಳು ಎಡಕ್ಕೆ, ಬೆಳಕು ಬರುವ ಕಡೆಗೇ. ಅಂದರೆ ಅದು ಉಬ್ಬಲ್ಲ, ತಗ್ಗು. ಹಾಗೇ ಹಿಂಬಾಲಿಸಿದೆ. ಕೆಳಗಿನ ನರವನ್ನು ದಾಟಿತು. ಪೊರೆ ತೆಗೆದ ಜಾಗವನ್ನೂ ದಾಟಿತು. ರೆಕ್ಕೆ ಮುಗಿದ ಮೇಲೂ ಬರೀ ಕಲ್ಲಿನಲ್ಲಿ ಇನ್ನೊಂದು ಮಿಲಿಮೀಟರ್ ಹೋಯಿತು.

ರೆಕ್ಕೆಯ ಆಚೆಗೂ ಹೋಗುವ ನರ ಎಲ್ಲಾದರೂ ಇರುತ್ತಾ? ಅದು ಕಲ್ಲಿನ ಬಿರುಕು. ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಹಾಗಾದರೆ ಇದು ಕ್ಯಾಂಪೊನೋಟಸ್ ಅಂದುಬಿಡೋಣವೇ? ಅದೂ ಆಗಲ್ಲ. ಟ್ಯಾಪಿನೋಮಾದಂತಹ ಬೇರೆ ಉಪಕುಟುಂಬದ ಇರುವೆಗಳಲ್ಲೂ ಈ ನರ ಇರಲ್ಲ. ಲೇಸಿಯಸ್ ಅನ್ನುವ ಕುಲದಲ್ಲಂತೂ ಸಾಮಾನ್ಯವಾಗಿ ಇರುವ ಡಿಸ್ಕಾಯ್ಡಲ್ ಸೆಲ್ ಕೆಲವು ಇರುವೆಗಳಲ್ಲಿ ಕಾಣೆಯಾಗಿರುತ್ತದೆ. ಒಂದೇ ಇರುವೆಯ ಎಡ ಬಲ ರೆಕ್ಕೆಗಳಲ್ಲೂ ಚಿಕ್ಕಪುಟ್ಟ ವ್ಯತ್ಯಾಸ ಇರಬಹುದು. ಜೊತೆಗೆ ಇದು ರಾಣಿಯದೋ ಗಂಡಿನದೋ ಅನ್ನುವುದೂ ಇದೆ. ಒಂದು ಗೂಡಿನ ರಾಣಿಗೂ ಗಂಡಿಗೂ ಬೇರೆ ಬೇರೆ ಜಾತಿಯ ಹೆಸರು ಕೊಟ್ಟುಬಿಡುವ ಅಪಾಯ ನಮ್ಮ ಕೆಲಸದಲ್ಲಿ ಯಾವಾಗಲೂ ಇದೆ.

ಸಂಜೆ ಹಳೆಯ ದೈತ್ಯ ಇರುವೆಗಳ ಚಿತ್ರಗಳನ್ನು ತೆರೆದು ಕೂತೆ. 1854ರಲ್ಲಿ ಕೀಟಶಾಸ್ತ್ರಜ್ಞ ವೆಸ್ಟ್‌ವುಡ್ ಇಂಗ್ಲೆಂಡಿನ ಒಂದು ರೆಕ್ಕೆಗೆ ಫಾರ್ಮಿಸಿಯಮ್ ಬ್ರೋಡಿಯೈ ಅಂತ ಹೆಸರಿಟ್ಟರು. ಬರೀ ರೆಕ್ಕೆ. ಮೈ ಯಾವ ಥರದ್ದು ಅಂತ ಗೊತ್ತಾಗಲು ನೂರು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಜರ್ಮನಿಯ ಮೆಸ್ಸೆಲ್ ಗಣಿಯಲ್ಲಿ ಇಂಥ ರೆಕ್ಕೆಗಳಿರುವ ಇಡೀ ರಾಣಿಗಳು ಸಿಕ್ಕವು. 1986ರಲ್ಲಿ ಅವುಗಳ ವಿವರ ಬಂತು. ಮೈಯೇ 5 ಸೆಂಟಿಮೀಟರ್‌ಗಿಂತ ಉದ್ದ! 2011ರಲ್ಲಿ ಮೈ ಸಿಕ್ಕವುಗಳಿಗೆ ಟೈಟಾನೊಮಿರ್ಮಾ ಅನ್ನುವ ಹೊಸ ಕುಲ ಮಾಡಿದರು. ರೆಕ್ಕೆ ಮಾತ್ರ ಸಿಕ್ಕವುಗಳನ್ನು ಫಾರ್ಮಿಸಿಯಮ್‌ನಲ್ಲೇ ಬಿಟ್ಟರು. ಯಾವ ರೆಕ್ಕೆ ಯಾವ ಮೈಯದ್ದು ಅಂತ ಹೇಳಲಾಗದಿದ್ದಾಗ ಹೀಗೆ ಬೇರೆಯಾಗಿಡುವುದು ನನಗೆ ತುಂಬಾ ಸರಿ ಅನಿಸುತ್ತದೆ.

ಕೆನಡಾದ ಪ್ರಿನ್ಸ್‌ಟನ್ ಹತ್ತಿರ ಸಿಕ್ಕ ರಾಣಿಯದು ಇನ್ನೂ ಕಷ್ಟದ ಕಥೆ. ಅಲ್ಲಿ ಮೈಯೂ ಇತ್ತು. ಆದರೆ ನೆಲದ ಒತ್ತಡಕ್ಕೆ ಕಲ್ಲೇ ಜಗ್ಗಿ ಸೊಟ್ಟಗಾಗಿತ್ತು. ಯಾವ ದಿಕ್ಕಿಗೆ ಜಗ್ಗಿದೆ ಅನ್ನುವುದರ ಮೇಲೆ ಅವಳ ಉದ್ದ ಸುಮಾರು 3.3 ಸೆಂಟಿಮೀಟರ್ ಆಗಬಹುದು, 5 ಆಗಬಹುದು. 2023ರಲ್ಲಿ ಅದನ್ನು ಪ್ರಕಟಿಸಿದವರು ಜಾತಿಯ ಹೆಸರು ಕೊಡದೆ ಟೈಟಾನೊಮಿರ್ಮಾ ಅಂತ ಹೇಳಿ ನಿಲ್ಲಿಸಿದರು. ಅಂಥದ್ದು ಕೈಗೆ ಸಿಕ್ಕೂ ಹೆಸರಿಡದೆ ಬಿಡುವುದು ಸುಲಭ ಅಲ್ಲ ಅಲ್ವಾ?

ಹಳೆಯ ಚೀಟಿ ತೆಗೆದು ಹೊಸದು ಬರೆದೆ: "ಫಾರ್ಮಿಸಿಡೀ (ಇರುವೆ ಕುಟುಂಬ). ಮುಂದಿನ ರೆಕ್ಕೆ, ಒಂದೇ. ಕುಲ, ಜಾತಿ ನಿರ್ಧಾರವಾಗಿಲ್ಲ. ನಡುವಿನ ಅಡ್ಡ ಗೆರೆ ಬಿರುಕು, ನರವಲ್ಲ." ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದೆ. ಮುಂದೆ ಈ ಪೆಟ್ಟಿಗೆ ತೆರೆಯುವವರ ಕಣ್ಣಿಗೂ ಮೊದಲು ಬೀಳುವುದು ಅದೇ ಗೆರೆ.

ಇದೇ ಪದರದ ಇನ್ನೂ ಎಂಟು ತುಂಡುಗಳು ಒಡೆಯದೆ ಇವೆ. ಸೋಮವಾರ ಮೊದಲನೆಯದನ್ನು ಸೀಳುತ್ತೇನೆ.