ಅಳತೆ ಬುಕ್ಕಿನ ಹಿಂದಿನ ಪುಟ

ಮೇ ತಿಂಗಳ ಕೊನೆಯ ಶನಿವಾರ. ಸಂಜೆ ಆರೂವರೆ ಇರಬೇಕು. ಕರೆಂಟ್ ಹೋಗಿತ್ತು. ಬಾಗಿಲ ಬೆಳಕಿನಲ್ಲಿ ಕೂತು ಒಂದು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದೆ. ಫೋನ್ ಬಂತು. ನಮ್ಮ ಪಾಸ್ಟರ್.

“ಅಕ್ಕಾ, ಗಾಡಿ ಮ್ಯಾಲಿಂದ ಬಿದ್ದೀನ್ರಿ. ದೊಡ್ಡದೇನಿಲ್ಲ, ಕಾಲಿಗಿ ಪಟ್ಟಿ ಕಟ್ಯಾರ. ನಾಳಿ ನಿಮ್ಮೂರಿಗಿ ಬರ್ಲಾಕ ಆಗಂಗಿಲ್ಲ. ವಾಕ್ಯ ನೀವೇ ಹೇಳ್ರಿ.”

ನಮ್ಮದು ಬೀದರ್ ಕಡೆಯ ಸಣ್ಣ ಊರು. ಬೀದರ್ ಶಹರ ಇರೋದು ಕೆಂಪು ಕಲ್ಲಿನ ಎತ್ತರದ ಮೇಲೆ. ಅಲ್ಲಿಂದ ಇಳಿದು ಬಂದರೆ ನಮ್ಮ ಎರೆ ಹೊಲಗಳು ಶುರುವಾಗುತ್ತವೆ. ತೊಗರಿ, ಸೋಯಾ, ಉದ್ದು, ಹಿಂಗಾರಿಗೆ ಜೋಳ. ಊರಲ್ಲಿ ಒಂದು ಸಣ್ಣ ಮೆಥೋಡಿಸ್ಟ್ ಚರ್ಚ್ ಇದೆ. ಭಾನುವಾರ ನಲವತ್ತು ಐವತ್ತು ಜನ ಸೇರುತ್ತೇವೆ, ಹೆಂಗಸರೇ ಜಾಸ್ತಿ. ಪಾಸ್ಟರ್ ಒಬ್ಬರು, ಊರು ಐದು. ಅವರಿಗೆ ಬರಲು ಆಗದ ದಿನ ಸಭೆಯವರೇ ಯಾರಾದರೂ ಸತ್ಯವೇದದ, ಅಂದರೆ ಬೈಬಲಿನ, ಒಂದು ಭಾಗ ಓದಿ, ಅದರ ಅರ್ಥ ಬಿಡಿಸಿ ಹೇಳಬೇಕು. ಅದಕ್ಕೆ ನಾವು ವಾಕ್ಯ ಹೇಳೋದು ಅಂತೀವಿ. ಅಲ್ಲಿಯ ತನಕ ಆ ‘ಯಾರಾದರೂ’ ನಾನಾಗಿರಲಿಲ್ಲ.

“ನನ್ನಿಂದ ಆಗಲ್ರಿ ಪಾಸ್ಟರ್. ನಾ ಹತ್ತನೇತ್ತ ಕಲ್ತಾಕಿ. ನಾಕು ಮಂದಿ ಮುಂದ ನಿಂತ್ರ ದನಿನೇ ಹೊರಡಲ್ಲ.”

“ಮೋಶೆನೂ ಹಿಂಗೇ ಅಂದಿದ್ದ ಅಕ್ಕಾ. ಮತ್ತಾಯ 25, ತಲಾಂತಿನ ಸಾಮ್ಯ. ಮಕ್ಕಳಿಗಿ ಯೋಸೇಫನ ಕತಿ ಹೇಳ್ತೀರಲ್ಲ, ಹಂಗೇ ಹೇಳ್ರಿ. ನಾ ಬಾಗಲದಾಗ ನಿಂತು ಕೇಳೀನಿ.”

ಅದು ನನಗೆ ಗೊತ್ತೇ ಇರಲಿಲ್ಲ. ಬಟ್ಟೆ ಹೊಲಿಸಲು ಬಂದವರ ಮಕ್ಕಳು ಮಷಿನ್ ಪಕ್ಕ ಕೂತು ಗಲಾಟೆ ಮಾಡುತ್ತವೆ. ಸುಮ್ನೆ ಇರಲಿ ಅಂತ ನಾನು ಕತೆ ಹೇಳುತ್ತೇನೆ. ಯೋಸೇಫನ ಬಣ್ಣದ ಅಂಗಿಯ ಕತೆ ಅವಕ್ಕೆ ಬಹಳ ಇಷ್ಟ. ಆ ಅಂಗಿಗೆ ಎಷ್ಟು ಮೀಟರ್ ಬಟ್ಟೆ ಹಿಡಿದಿರಬಹುದು ಅಂತ ಕೇಳುತ್ತವೆ, ನಾನೂ ಲೆಕ್ಕ ಹಾಕಿ ಹೇಳುತ್ತೇನೆ. ಅದನ್ನು ಒಬ್ಬರು ನಿಂತು ಕೇಳಿದ್ದರು ಅಂದರೆ ನಂಬಲು ಕಷ್ಟವಾಯಿತು.

ಫೋನ್ ಇಟ್ಟ ಮೇಲೆ ಇನ್ನಿಬ್ಬರಿಗೆ ಕರೆ ಮಾಡಿದೆ. ರಿಟೈರ್ ಆದ ಮಾಸ್ತರರು ಒಬ್ಬರಿದ್ದಾರೆ, ಅವರು ಮಗಳ ಮನೆಗೆ ಹೈದರಾಬಾದಿಗೆ ಹೋಗಿದ್ದರು. ಸಂಘದ ಅಕ್ಕ ಒಬ್ಬಳು, “ಏ, ಪಾಸ್ಟರ್ ನಿನಗ ಹೇಳ್ಯಾರ. ನೀನೇ ಹೇಳು” ಅಂದು ಇಟ್ಟುಬಿಟ್ಟಳು.

ನನ್ನ ಹೆದರಿಕೆಗೆ ಒಂದು ತಾರೀಕು ಇಲ್ಲ, ಆದರೆ ಜಾಗ ಇದೆ. ಎಂಟನೇ ಕ್ಲಾಸು, ಕಿಟಕಿ ಪಕ್ಕದ ಮೂರನೇ ಸಾಲು. ಎದ್ದು ಪಾಠ ಓದು ಅಂದರು. ಎರಡು ಸಾಲು ಓದಿದೆ. ಒಂದು ಒತ್ತಕ್ಷರದ ಮುಂದೆ ನಾಲಿಗೆ ನಿಂತುಬಿಟ್ಟಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಹಿಂದಿನಿಂದ ನಗು ಕೇಳಿತು. “ಸಾಕು, ಕೂಡು. ನಿನಗ ಇದು ಬರಂಗಿಲ್ಲ” ಅಂದರು ಮಾಸ್ತರರು. ಅವರು ಸಿಟ್ಟಿನಿಂದ ಹೇಳಲಿಲ್ಲ. ಕ್ಲಾಸಿನಲ್ಲಿ ಅರವತ್ತು ಮಕ್ಕಳಿದ್ದೆವು, ಪಾಠ ಮುಗಿಯಬೇಕಿತ್ತು. ಆದರೆ ನಾನು ಕೂತೆ. ಕೂತವಳು 22 ವರ್ಷ ಏಳಲಿಲ್ಲ.

ಮಹಿಳಾ ಸಂಘದಲ್ಲಿ ಲೆಕ್ಕ ಬರೆಯೋದು ನಾನು, ಎದ್ದು ಓದೋದು ಬೇರೆಯವರು. ಮಗನ ಶಾಲೆಯ ಮೀಟಿಂಗಿನಲ್ಲಿ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಜನ ಇದನ್ನೆಲ್ಲ ನೋಡಿ ‘ಬಾಳ ಸಂಭಾವಿತ ಹೆಣ್ಮಗಳು, ಮಾತೇ ಆಡಂಗಿಲ್ಲ’ ಅಂದರು. ನನಗೂ ಆ ಮಾತು ಹಿಡಿಸಿತು. ಇದು ವಿನಯ, ದೇವರಿಗೆ ಪ್ರಿಯವಾದ ಗುಣ ಅಂತಲೇ ನಂಬಿದ್ದೆ.

ರಾತ್ರಿ ಮಗ ಮಲಗಿದ ಮೇಲೆ ಸತ್ಯವೇದ ತೆಗೆದೆ. ಮನೆಯವರು ಹೈದರಾಬಾದಿನಲ್ಲಿ ದುಡಿಯುತ್ತಾರೆ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಮೊದಲು ಮೋಶೆಯ ಭಾಗವನ್ನೇ ಓದಿದೆ. ಹೋಗಿ ನನ್ನ ಜನರನ್ನು ಬಿಡಿಸಿಕೊಂಡು ಬಾ ಅಂತ ದೇವರು ಅವನನ್ನು ಕರೆಯುತ್ತಾನೆ. ನಾನು ಎಷ್ಟರವನು ಅನ್ನುತ್ತಾನೆ. ಜನ ನಂಬದೇ ಹೋದರೆ ಅನ್ನುತ್ತಾನೆ. ನನ್ನ ನಾಲಿಗೆ ಮಂದ ಅನ್ನುತ್ತಾನೆ. ಕಡೆಗೆ, ಬೇರೆ ಯಾರನ್ನಾದರೂ ಕಳಿಸು ಅಂತ ಬೇಡಿಕೊಳ್ಳುತ್ತಾನೆ. ಹತ್ತು ನಿಮಿಷದ ಹಿಂದೆ ಮೊಣಕಾಲೂರಿ ನಾನು ಮಾಡಿದ ಪ್ರಾರ್ಥನೆಯೂ ಅದೇ ಆಗಿತ್ತು. ಮೈ ಜುಮ್ ಅಂದಿತು.

ಆಮೇಲೆ ಮತ್ತಾಯ 25, ಯೇಸು ಹೇಳಿದ ತಲಾಂತಿನ ಸಾಮ್ಯ, ಅಂದರೆ ಹೋಲಿಕೆಯ ಕತೆ. ಕತೆ ಎಲ್ಲರಿಗೂ ಗೊತ್ತಿರೋದೇ. ಒಬ್ಬ ಯಜಮಾನ ದೂರ ದೇಶಕ್ಕೆ ಹೊರಟಾಗ ತನ್ನ ಆಳುಗಳಿಗೆ ಅವರವರ ಶಕ್ತಿ ನೋಡಿ ಹಣ ಒಪ್ಪಿಸುತ್ತಾನೆ. ಒಬ್ಬನಿಗೆ ಐದು ತಲಾಂತು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು. ಮೊದಲಿಬ್ಬರು ವ್ಯಾಪಾರ ಮಾಡಿ ಎರಡರಷ್ಟು ಮಾಡುತ್ತಾರೆ. ಮೂರನೆಯವನು ಹೆದರಿ ತನ್ನದನ್ನು ನೆಲದಲ್ಲಿ ಹೂತಿಡುತ್ತಾನೆ.

ಚಿಕ್ಕಂದಿನಿಂದ ನನಗೆ ಆ ಮೂರನೆಯವನ ಮೇಲೆ ಒಳಗೊಳಗೇ ಕನಿಕರ. ಪಾಪ, ಅವನಿಗೆ ಸಿಕ್ಕಿದ್ದೇ ಒಂದು, ಏನು ಮಾಡಿಯಾನು ಅಂತ. ಆ ರಾತ್ರಿ ಪುಸ್ತಕದ ಹಿಂದಿರುವ ತೂಕ ಅಳತೆಗಳ ಪಟ್ಟಿ ತೆಗೆದು ನೋಡಿದೆ. ಅಳತೆ ಅಂದರೆ ನನ್ನ ಕಸುಬು, ಸುಮ್ಮನೆ ದಾಟಿ ಹೋಗಲು ಆಗಲ್ಲ. ಒಂದು ತಲಾಂತು ಅಂದರೆ 6000 ದಿನಾರಿ. ಒಂದು ದಿನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 20 ವರ್ಷದ ಗಳಿಕೆ ಅದು! ಬೆಳ್ಳಿಯಲ್ಲಿ ತೂಗಿದರೆ 30 ಕಿಲೋದ ಮೇಲೆ. ಅಳತೆ ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಎರಡು ಸಲ ಗುಣಿಸಿ ನೋಡಿದೆ. ಲೆಕ್ಕ ಸರಿ ಇತ್ತು. ಯಜಮಾನ ಎಲ್ಲರಿಗಿಂತ ಕಡಿಮೆ ಕೊಟ್ಟವನಿಗೇ ಅಷ್ಟು ಕೊಟ್ಟಿದ್ದ.

ಇನ್ನೊಂದು ಕಣ್ಣಿಗೆ ಬಿತ್ತು. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನ ಹೇಳೋ ಮೆಚ್ಚುಗೆಯ ಮಾತು ಒಂದೇ. ಎಡ ತೋಳು ಬಲ ತೋಳು ಸರಿ ಬಂದಿವೆಯಾ ಅಂತ ಒಂದರ ಮೇಲೊಂದು ಇಟ್ಟು ನೋಡುತ್ತೇವಲ್ಲ, ಹಾಗೆ ಎರಡು ವಚನಗಳ ಮೇಲೆ ಬೆರಳಿಟ್ಟು ನೋಡಿದೆ. ಜಾಸ್ತಿ ತಂದವನಿಗೆ ಒಂದು ಮಾತೂ ಜಾಸ್ತಿ ಇಲ್ಲ.

ಆದರೂ ಮೂರನೆಯವನು ಹೂತಿಟ್ಟದ್ದು ಯಾಕೆ ಅನ್ನೋದು ಬಗೆಹರಿಯಲಿಲ್ಲ. ಬೆಳಿಗ್ಗೆ ಚಹಾ ಕೊಡುವಾಗ ಮಾವನನ್ನೇ ಕೇಳಿದೆ. ಅವರು ಶಾಲೆ ಕಲಿತವರಲ್ಲ. ಮಣ್ಣಿನ ವಿಷಯ ಅವರಷ್ಟು ಬಲ್ಲವರನ್ನು ನಾನು ಕಂಡಿಲ್ಲ.

“ಮಾಮಾ, 30 ಕಿಲೋ ಬೆಳ್ಳಿ ಹೂತಿಡ್ಬೇಕಂದ್ರ ಎಷ್ಟು ತೆಗ್ಗು ತೋಡ್ಬೇಕ್ರಿ?”

ಅವರು ನಗಲಿಲ್ಲ. ಕಪ್ಪು ಕೆಳಗಿಟ್ಟು ಯೋಚನೆ ಮಾಡಿದರು. “ಬೆಳ್ಳಿ ಜಾಗಾ ತಿನ್ನಂಗಿಲ್ಲ ಯವ್ವಾ. ಒಂದು ಗಡಿಗಿ ಹಿಡೀತದ. ಆದ್ರ ಮ್ಯಾಲ್ಮ್ಯಾಲೆ ಇಟ್ರ ಮಳಿಗಿ ಮಣ್ಣು ಸರೀತದ, ನಾಯಿ ಕೆದರ್ತಾವ. ಸೊಂಟದ ಮಟ ತೋಡ್ಬೇಕು. ಹಗಲಿ ತೋಡಿದ್ರ ಮಂದಿ ನೋಡ್ತಾರ. ಈ ಬ್ಯಾಸಗ್ಯಾಗ ಎರಿ ಭೂಮಿ ಕಲ್ಲಾಗ್ಯದ, ಒಬ್ಬನೇ ತೋಡ್ಬೇಕಂದ್ರ ಇಡೀ ರಾತ್ರಿ ಬೇಕು. ಮರದಿನದಿಂದ ನಿದ್ದಿ ಇಲ್ಲ. ದಿನಾ ಅದೇ ದಾರಿಗಿ ಹೋಗಿ ನೋಡಿ ಬರ್ಬೇಕಲ್ಲ.”

ಹೂತಿಡೋದಕ್ಕೂ ಅಷ್ಟು ಬೆವರು ಬೇಕು ಅಂತ ನಾನು ಯೋಚಿಸಿಯೇ ಇರಲಿಲ್ಲ. ನನ್ನ 22 ವರ್ಷ ಕಣ್ಣ ಮುಂದೆ ಬಂತು. ಯಾವ ಮೂಲೆಯಲ್ಲಿ ಕೂತರೆ ಯಾರೂ ಕರೆಯಲ್ಲ ಅಂತ ನೋಡಿಟ್ಟುಕೊಳ್ಳೋದು, ಕ್ರಿಸ್ಮಸ್ ಕಾರ್ಯಕ್ರಮದ ಹೆಸರು ಬರೆಯುವ ದಿನ ತಲೆನೋವು ಅಂತ ಹೇಳೋದು, ಸಭೆಯಲ್ಲಿ ಹೊಳೆದ ಮಾತನ್ನು ನುಂಗಿ ಮನೆಗೆ ಬಂದು ಮಷಿನ್ ತುಳಿಯುತ್ತಾ ಒಬ್ಬಳೇ ಹೇಳಿಕೊಳ್ಳೋದು. ಇದೆಲ್ಲ ದುಡಿಮೆಯೇ ಅಲ್ವಾ? ಅಷ್ಟು ದುಡಿದು ನಾನು ಒಂದು ತೆಗ್ಗು ತೋಡಿದ್ದೆ. ಅದಕ್ಕೆ ವಿನಯ ಅಂತ ಹೆಸರಿಟ್ಟಿದ್ದೆ. ದೇವರು ನನಗೆ ಕತೆ ಹೇಳುವ ಬಾಯಿ ಕೊಟ್ಟಿದ್ದ. ಅದು ನನ್ನದಲ್ಲ, ಅವನದು. ಅವನದ್ದನ್ನು ಮಣ್ಣಲ್ಲಿ ಮುಚ್ಚಿಟ್ಟು, ನೋಡು ನಾನೆಷ್ಟು ಸಣ್ಣವಳು ಅಂತ ಅವನಿಗೇ ಹೇಳುತ್ತಿದ್ದೆ.

ಮಾವನಿಗೆ ಇನ್ನೂ ಮಾತು ಮುಗಿದಿರಲಿಲ್ಲ. “ನಮ್ಮ ಮುತ್ಯಾನ ಕಾಲದಾಗ ಹಗೇವು ಇತ್ತು” ಅಂತ ಶುರು ಮಾಡಿದರು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳು ಇಳಿಯುವಷ್ಟು ಆಳ. ಕೆಳಗೂ ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ ಮಣ್ಣಿನಿಂದ ಮೆತ್ತುತ್ತಿದ್ದರು. ತೆಗೆಯುವ ದಿನ ಬಾಯಿ ಬಿಚ್ಚಿ ಹಾಗೇ ಬಿಡಬೇಕು, ಒಳಗಿನ ಗಾಳಿ ಕೆಟ್ಟಿರುತ್ತದೆ. ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ, ಅವಸರ ಮಾಡಿ ಇಳಿದವರು ಜೀವ ಕಳೆದುಕೊಂಡದ್ದೂ ಉಂಟು.

“ಮತ್ತ ಬೀಜದ ಜೋಳಾನೂ ಅದ್ರಾಗೇ ಇಡ್ತಿದ್ರೇನ್ರಿ?”

“ಏ ಇಲ್ಲಪಾ! ಬೀಜದ ತೆನಿ ಬ್ಯಾರೇ ಆರಿಸಿ, ಬೂದಿ ಕಲಸಿ ಗಡಿಗ್ಯಾಗ ಇಡ್ತಿದ್ರು. ಬಾಳ ದಿನ ಹಗೇದಾಗಿದ್ದ ಜೋಳ ರೊಟ್ಟಿಗಿ ಆಗ್ತದ, ಬಿತ್ಲಾಕ ಆಗಂಗಿಲ್ಲ. ಮೊಳಕಿ ಸತ್ತಿರ್ತದ.”

ಗಡಿಯಾರ ನೋಡಿದೆ. ಒಂಬತ್ತು ಗಂಟೆ. ಹತ್ತೂವರೆಗೆ ಆರಾಧನೆ. ಅಳತೆ ಬುಕ್ಕು ತೆಗೆದು ಕೊನೆಯ ಪುಟದಲ್ಲಿ ರಾತ್ರಿಯ ಗುಣಾಕಾರದ ಕೆಳಗೆ ಬರೆದೆ: ‘ಹಗೇವು. ದೀಪ. ಬೀಜ.’

ಚರ್ಚಿನಲ್ಲಿ ಕೀರ್ತನೆ ಮುಗಿಯಿತು. ಧೋಲಕ್ ನಿಂತಿತು. ಎದ್ದು ಹೋಗಿ ಮುಂದಿನ ಸಣ್ಣ ಟೇಬಲ್ ಹಿಂದೆ ನಿಂತೆ. ಕೈ ನಡುಗುತ್ತಿತ್ತು. ವಾಕ್ಯಭಾಗವನ್ನು ಓದಿದೆ, ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಓದಿ ತಲೆ ಎತ್ತಿದರೆ ನಲವತ್ತು ಜೊತೆ ಕಣ್ಣು. ಎಂಟನೇ ಕ್ಲಾಸಿನ ಆ ಒತ್ತಕ್ಷರ ಮತ್ತೆ ಗಂಟಲಿಗೆ ಬಂದು ಕೂತಿತು. ಅಳತೆ ಬುಕ್ಕು ನೋಡೋಣ ಅಂದರೆ ಫ್ಯಾನಿನ ಗಾಳಿಗೆ ಪುಟ ಹಾರಿ ಎಲ್ಲೋ ತೆರೆದುಕೊಂಡಿತ್ತು. ಬರೆದದ್ದು ಕಾಣಲಿಲ್ಲ. ಕಂಡದ್ದು ಎದೆ 38, ಭುಜ 14½, ತೋಳು 10.

ಅದು ಮುಂದೆ ಜಮಖಾನದ ಮೇಲೆ ಕೂತಿದ್ದ ಆಯಿಯ ಅಳತೆ. ವರ್ಷಾನುಗಟ್ಟಲೆ ಕೊಡ ಹೊತ್ತು ಅವರ ಎಡಭುಜ ಅರ್ಧ ಇಂಚು ಇಳಿದಿದೆ. ಬ್ಲೌಸ್ ಕತ್ತರಿಸುವಾಗ ಅದು ಹೊರಗೆ ಕಾಣದ ಹಾಗೆ ನಾನು ಸರಿ ಮಾಡುತ್ತೇನೆ. ಅವರಿಗೇ ಅದು ಗೊತ್ತಿಲ್ಲ. ಅವರ ಪಕ್ಕದಲ್ಲಿ ಕೂತವಳು ಟೈಫಾಯಿಡ್ ಆದ ಮೇಲೆ ಎರಡು ಇಂಚು ಇಳಿದಿದ್ದಾಳೆ, ಹಳೆಯ ಬ್ಲೌಸುಗಳನ್ನೆಲ್ಲ ಒಳಗೆ ಹಿಡಿದುಕೊಟ್ಟಿದ್ದೇನೆ. ಅವಳ ಹಿಂದಿನವಳು ಒಳಗೊಂದು ಚೋರ್ ಜೇಬು ಹಾಕಿಸಿಕೊಳ್ಳುತ್ತಾಳೆ, ಮಗಳ ಫೀಜಿನ ದುಡ್ಡು ಅದರಲ್ಲಿ. ಒಬ್ಬೊಬ್ಬರನ್ನೇ ನೋಡಿದೆ. ಈ ಮಂದಿಯ ಭುಜ, ಬೆನ್ನು, ಕಷ್ಟ ಎಲ್ಲದರ ಅಳತೆ ನನ್ನ ಬುಕ್ಕಿನಲ್ಲಿತ್ತು. ನಾನು ಇವರಿಗೆ ಹೆದರುತ್ತಿದ್ದೆನಾ?

ಬುಕ್ಕು ಮುಚ್ಚಿದೆ.

“ನಮ್ಮ ಮಾವ್ನೋರಿಗಿ ಮುಂಜಾನಿ ಒಂದು ಮಾತು ಕೇಳ್ದೆ” ಅಂತ ಶುರು ಮಾಡಿದೆ. ಮಷಿನ್ ಮುಂದೆ ಕೂತಾಗ ಬರುವ ದನಿಯೇ ಬಂತು. 20 ವರ್ಷದ ಕೂಲಿ ಅಂದಾಗ ಹಿಂದಿನ ಸಾಲಿನಲ್ಲಿ ಯಾರೋ ‘ಅಬಾಬಾ’ ಅಂದರು. ಹಗೇವಿನ ಮಾತಿಗೆ ಬಂದಾಗ ಗೋಡೆ ಕಡೆ ಕೂತಿದ್ದ ಮುದುಕರೊಬ್ಬರು, “ದೀಪ ಇಳಸ್ತಿದ್ರು, ದೀಪ” ಅಂತ ಕೂತಲ್ಲಿಂದಲೇ ಹೇಳಿದರು. ಇನ್ನೊಬ್ಬರು ತಮ್ಮ ಮನೆಯ ಹಗೇವು ಯಾವ ಓಣಿಯಲ್ಲಿತ್ತು ಅಂತ ಶುರು ಮಾಡಿದರು. ಅದು ಪಾಸ್ಟರ್ ಹೇಳುವ ವಾಕ್ಯದ ಹಾಗಿರಲಿಲ್ಲ, ನಡುನಡುವೆ ಎಲ್ಲರೂ ಮಾತಾಡಿದರು. ನಾನು ಕಾದು, ಮತ್ತೆ ಎಳೆ ಹಿಡಿದು ಮುಂದುವರಿಸಿದೆ. ಬೀಜದ ಮಾತು ಬಂದಾಗ ಮಾತ್ರ ಯಾರೂ ನಡುವೆ ಬಾಯಿ ಹಾಕಲಿಲ್ಲ. ಎಂಟನೇ ಕ್ಲಾಸಿನ ಮೂರನೇ ಸಾಲಿನ ಕತೆಯನ್ನೂ ಹೇಳಿಬಿಟ್ಟೆ. ಅದನ್ನು ನಾನು ನಮ್ಮ ಮನೆಯವರಿಗೂ ಹೇಳಿರಲಿಲ್ಲ. ಹೇಳುವಾಗ ಗಂಟಲು ಕಟ್ಟಿತು, ಒಂದೆರಡು ಕಡೆ ಮಾತು ತಡವರಿಸಿತು. ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೇಳಿದೆ. ಯಾರೂ ನಗಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಮುಂದಿನ ಸಾಲಿನ ಆಯಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನಾ ಸಣ್ಣಾಕಿ ಇದ್ದಾಗ ಬಾಳ ಹಾಡ್ತಿದ್ದೆ ಯವ್ವಾ” ಅಂದರು. ಅಷ್ಟೇ ಅಂದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದು ಹೋದರು. ಮಾವ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಹಗೇವಿನ ಬಾಯಿ ಮುಚ್ಚುವ ರೀತಿಯಲ್ಲಿ ನಾನು ಒಂದು ತಪ್ಪು ಹೇಳಿದ್ದೆನಂತೆ, ಮನೆ ಬರುವ ತನಕ ಅದನ್ನೇ ತಿದ್ದಿ ಹೇಳಿದರು.

ಸಂಜೆ ಪಾಸ್ಟರ್ ಫೋನ್ ಮಾಡಿದರು. “ಹೆಂಗಾಯ್ತು ಅಕ್ಕಾ?”

“ಇಪ್ಪತ್ತು ನಿಮಿಷ ಹೇಳಿದ್ನಂತ್ರಿ. ಮಾಮಾ ಗಡಿಯಾರ ನೋಡ್ಯಾರ. ನಿಮ್ಮ ಕಾಲು ಹೆಂಗದ್ರಿ?”

“ಊದ್ಯದ ಅಕ್ಕಾ. ಬರೋ ವಾರನೂ ಗಾಡಿ ಹೊಡೀಬ್ಯಾಡ ಅಂದಾರ ಡಾಕ್ಟರು.” ಆಮೇಲೆ ಸುಮ್ಮನಾದರು. ಕೇಳಲೋ ಬೇಡವೋ ಅನ್ನುವ ಹಾಗೆ.

ನಾನು ಅಳತೆ ಬುಕ್ಕು ಹತ್ತಿರ ಎಳೆದುಕೊಂಡು ಹಿಂದಿನಿಂದ ಎರಡನೇ ಪುಟ ತೆಗೆದೆ. ಪೆನ್ಸಿಲ್ ಕೈಯಲ್ಲೇ ಇತ್ತು.

“ಯಾವ ಅಧ್ಯಾಯ ಅಂತ ಈಗೇ ಹೇಳ್ರಿ ಪಾಸ್ಟರ್. ಶನಿವಾರ ಸಂಜಿಗಿ ಹೇಳಬ್ಯಾಡ್ರಿ.”