‘ಡಿಗ್ರಿ ತೋರಿಸಿದ್ವಿ, ಬಂದ್ವಿ’

“ನಾವು ಯಾರ ಕೈಕಾಲೂ ಹಿಡೀಲಿಲ್ಲಪ್ಪ. ಡಿಗ್ರಿ ತೋರಿಸಿದ್ವಿ, ಬಂದ್ವಿ.”

ಶನಿವಾರ ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆ. ಬೇಸ್‌ಮೆಂಟಿನಲ್ಲಿ ಊಟ ನಡೆದಿತ್ತು. ಮಾತು ರಾಯರದು. 1970ರಲ್ಲಿ ಮದ್ರಾಸ್ ಕಾನ್ಸುಲೇಟಿನಲ್ಲಿ ವೀಸಾ ಹೊಡೆಸಿಕೊಂಡು, ಕಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡಿನ ಸಮೇತ ಇಳಿದವರು. ಎದುರಿಗೆ ಪೇಪರ್ ತಟ್ಟೆ ಹಿಡಿದು ನಿಂತಿದ್ದವನು ದಾವಣಗೆರೆಯ ಹುಡುಗ. ಅವನು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಮೇಲೆ ಹುಟ್ಟಿದ ಮಗಳು ಈಗ ಮಿಡ್ಲ್ ಸ್ಕೂಲಿನಲ್ಲಿದ್ದಾಳೆ, ಸರದಿ ಇನ್ನೂ ಬಂದಿಲ್ಲ.

“ನಿಮಗೆ ಎಷ್ಟು ವರ್ಷ ಹಿಡೀತು ಅಂಕಲ್?”

“ವರ್ಷ ಯಾಕೋ? ತಿಂಗಳಲ್ಲೇ ಮುಗೀತು. ಡಿಗ್ರಿ ತೋರಿಸಿದ್ವಿ, ಬಂದ್ವಿ.”

ಹುಡುಗ ನಕ್ಕ. ಬಿಸಿಬೇಳೆಬಾತಿನ ಟ್ರೇ ಕಡೆ ಹೋದವನು ಮತ್ತೆ ಈ ಕಡೆ ಬರಲಿಲ್ಲ.

ರಾಯರು ಕೆಟ್ಟವರಲ್ಲ. ಹೊಸಬರು ಬಂದರೆ ಈ ವಯಸ್ಸಿನಲ್ಲೂ ಏರ್‌ಪೋರ್ಟಿಗೆ ಹೋಗಿ ಕರೆತರುವವರು. ಆದರೂ ಆ ಮಾತು ವಾರವಿಡೀ ಕಿವಿ ಬಿಡಲಿಲ್ಲ. ಅದೇ ಡಿಗ್ರಿಯನ್ನು 1960ರಲ್ಲಿ ತೋರಿಸಿದ್ದರೆ ಏನಾಗುತ್ತಿತ್ತು? ಆಗ ಇಡೀ ಭಾರತಕ್ಕೆ ಇದ್ದ ವಲಸೆ ಕೋಟಾ ವರ್ಷಕ್ಕೆ 100 ಜನ. ಆ ನೂರರ ಹಿಂದೆಯೂ, ಆಮೇಲೆ ಬಾಗಿಲು ತೆರೆದದ್ದರ ಹಿಂದೆಯೂ ಒಬ್ಬನೇ ಮನುಷ್ಯನ ಹೆಸರಿದೆ: ಎಮ್ಯಾನುಯೆಲ್ ಸೆಲ್ಲರ್.

ಬ್ರೂಕ್ಲಿನ್ನಿನ ಯಹೂದಿ ಮನೆತನ, ಹುಟ್ಟಿದ್ದು 1888ರಲ್ಲಿ. ಅಪ್ಪನದು ವಿಸ್ಕಿ ವ್ಯಾಪಾರ. ಕೊಲಂಬಿಯ ಕಾಲೇಜು ಸೇರಿದ ಹೊಸತರಲ್ಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಬೆಳಗ್ಗೆ ಕ್ಲಾಸು, ಮಧ್ಯಾಹ್ನದಿಂದ ಸಂಜೆಯವರೆಗೆ ವೈನ್ ಮಾರಾಟ, ಹಾಗೇ ಓದಿ ವಕೀಲರಾದರು. 1922ರಲ್ಲಿ ಗೆದ್ದು, 1923ರ ಮಾರ್ಚ್‌ನಿಂದ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ ಸದಸ್ಯ. ಅದಕ್ಕೆ ಹಿಂದಿನ ತಿಂಗಳಷ್ಟೇ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲ, ಪೌರತ್ವ ಕೊಡಲಾಗದು ಎಂದು ತೀರ್ಪಿತ್ತಿತ್ತು. ಥಿಂದ್ ಇದೇ ದೇಶದ ಸೈನ್ಯದಲ್ಲಿ ದುಡಿದಿದ್ದವರು.

ಮರುವರ್ಷ ವಲಸೆಗೆ ಮಿತಿ ಹಾಕುವ ಜಾನ್ಸನ್–ರೀಡ್ ಮಸೂದೆ ಬಂತು. 1890ರ ಜನಗಣತಿ ಇಟ್ಟುಕೊಂಡು, ಆಗ ಇಲ್ಲಿದ್ದ ಆಯಾ ದೇಶದವರ ಶೇ 2ರಷ್ಟು ಜನರನ್ನು ಮಾತ್ರ ವರ್ಷಕ್ಕೆ ಒಳಬಿಡುವ ಲೆಕ್ಕ. 1890 ಯಾಕೆಂದರೆ ಇಟಲಿಯವರು, ಪೂರ್ವ ಯುರೋಪಿನ ಯಹೂದಿಗಳು ದಂಡಿಯಾಗಿ ಬಂದದ್ದು ಆಮೇಲೆ. ಏಷ್ಯಾದವರಿಗಂತೂ ಬಾಗಿಲೇ ಬಂದ್. ಸೆಲ್ಲರ್ ಸದನದಲ್ಲಿ ಮಾಡಿದ ಮೊದಲ ದೊಡ್ಡ ಭಾಷಣವೇ ಇದರ ವಿರುದ್ಧ. 323ಕ್ಕೆ 71 ಮತಗಳಿಂದ ಸೋತರು. ಹೊಸಬ ಅಲ್ಲಿಗೆ ಕೈತೊಳೆದುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇವರು 41 ವರ್ಷ ಅದೇ ಹಟ ಹಿಡಿದರು.

ಇದನ್ನು ಫೋನಿನಲ್ಲಿ ರಾಯರಿಗೆ ಹೇಳಿದರೆ, “ವೋಟಿಗೋಸ್ಕರ ಮಾಡಿರ್ತಾನೆ ಬಿಡಯ್ಯ” ಅಂದರು. 1924ರ ಮಟ್ಟಿಗೆ ಸರಿ ಎನ್ನೋಣ, ಬ್ರೂಕ್ಲಿನ್ ತುಂಬ ವಲಸೆ ಬಂದವರೇ. ಆದರೆ 1946ರಲ್ಲಿ ಸದನದ ಸದಸ್ಯೆ ಕ್ಲೇರ್ ಬೂತ್ ಲೂಸ್ ಜೊತೆ ಸೇರಿ ಭಾರತೀಯರಿಗೆ ಪೌರತ್ವದ ಹಕ್ಕನ್ನೂ ಆ ನೂರರ ಕೋಟಾವನ್ನೂ ಕೊಡಿಸಿದರಲ್ಲ, ಅದು ಯಾರ ವೋಟಿಗೆ? ಆಗ ಇಲ್ಲಿದ್ದವರು ಕೆಲವೇ ಸಾವಿರ, ಹೆಚ್ಚಿನವರು ದೂರದ ಕ್ಯಾಲಿಫೋರ್ನಿಯದ ಹೊಲಗಳಲ್ಲಿ.

ಕೊನೆಗೆ 1965ರ ಅಕ್ಟೋಬರ್ 3ರಂದು, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಹಾರ್ಟ್–ಸೆಲ್ಲರ್ ಕಾಯ್ದೆಗೆ ಸಹಿ ಹಾಕಿದರು. ಹಳೆಯ ಕೋಟಾ ಲೆಕ್ಕ ತೆಗೆದು, ಇಲ್ಲಿರುವವರ ನೆಂಟರಿಗೂ ಓದಿದ ಕಸುಬಿನವರಿಗೂ ಆದ್ಯತೆ ಕೊಟ್ಟ ಕಾಯ್ದೆ ಅದು. ಇದೇನು ಕ್ರಾಂತಿಕಾರಿ ಮಸೂದೆಯಲ್ಲ ಎಂದರು. ಸೆಲ್ಲರ್ ಕೂಡ ಸದನಕ್ಕೆ ಅದನ್ನೇ ಹೇಳಿದ್ದರು: ಏಷ್ಯಾ, ಆಫ್ರಿಕಾದವರಿಗೆ ಇಲ್ಲಿ ನೆಂಟರೇ ಕಡಿಮೆ, ಹಾಗಾಗಿ ಬರುವವರೂ ಕಡಿಮೆ. ನಂಬಿ ಹೇಳಿದರೋ, ಮಸೂದೆ ದಾಟಿಸಲು ಹೇಳಿದರೋ? ಅಷ್ಟು ವರ್ಷ ಪಳಗಿದ ವಕೀಲ, ನನಗೇನೋ ಎರಡನೆಯದೇ ಅನ್ನಿಸುತ್ತದೆ. ನಮ್ಮವರು ಮೊದಲು ಡಾಕ್ಟರ್, ಎಂಜಿನಿಯರ್ ಆಗಿ ಬಂದರು, ಆಮೇಲೆ ನೆಂಟರನ್ನು ಕರೆಸಿಕೊಂಡರು. ರಾಯರ ಹಿಂದೆ ತಮ್ಮ ಬಂದ, ತಂಗಿ ಬಂದಳು, ಭಾವನೂ ಬಂದರು. ಭಾವನವರು ಯಾವ ಡಿಗ್ರಿ ತೋರಿಸಿದರು ಅಂತ ಫೋನಿನಲ್ಲಿ ಕೇಳುವುದು ಚೆನ್ನಾಗಿರುವುದಿಲ್ಲ, ಸುಮ್ಮನಾದೆ.

ಆ ದಾವಣಗೆರೆ ಹುಡುಗನ ಪಾಡಿಗೂ ಬೇರು ಅಲ್ಲೇ ಇದೆ. ಯಾವ ದೇಶಕ್ಕೂ ಹೆಚ್ಚು ಕಡಿಮೆ ಬೇಡ ಎಂದು ಆ ಕಾಯ್ದೆ ಪೂರ್ವಾರ್ಧಗೋಳದ ಪ್ರತಿ ದೇಶಕ್ಕೂ 20,000ದ ಮಿತಿ ಹಾಕಿತು. ಈಗ ಅದು, ವರ್ಷದ ಮಿತಿಯೊಳಗಿನ ಗ್ರೀನ್ ಕಾರ್ಡುಗಳಲ್ಲಿ ದೇಶವೊಂದಕ್ಕೆ ಶೇ 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ನ್ಯಾಯವೆಂದು ಮಾಡಿದ ಸಮಪಾಲು, ಇವನಿಗೆ ಗೋಡೆಯಾಗಿ ನಿಂತಿದೆ. ರಾಯರು ತಿಂಗಳ ಲೆಕ್ಕದಲ್ಲಿ ಬಂದದ್ದು ಬುದ್ಧಿವಂತಿಕೆಯಿಂದಲ್ಲ, ಕ್ಯೂ ಉದ್ದವಾಗುವ ಮೊದಲೇ ನಿಂತಿದ್ದರಿಂದ.

ಹಾಗಂತ ಸೆಲ್ಲರ್ ಫೋಟೋಗೆ ಹಾರ ಹಾಕೋಣ ಎನ್ನುತ್ತಿಲ್ಲ. 1964ರ ನಾಗರಿಕ ಹಕ್ಕು ಕಾಯ್ದೆಯನ್ನು ಸದನದಲ್ಲಿ ದಾಟಿಸಿದ ಇದೇ ಮನುಷ್ಯ, ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ ಮಹಿಳೆಯರ ಸಮಾನ ಹಕ್ಕಿನ ತಿದ್ದುಪಡಿಯನ್ನು ವರ್ಷಗಟ್ಟಲೆ ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. 1970ರಲ್ಲಿ ಸದನದ ಸದಸ್ಯೆ ಮಾರ್ತಾ ಗ್ರಿಫಿತ್ಸ್ ಉಳಿದ ಸದಸ್ಯರ ಸಹಿ ಸಂಗ್ರಹಿಸಿ, ಸಮಿತಿಯ ಕೈಯಿಂದ ಕಿತ್ತು ಅದನ್ನು ಸದನಕ್ಕೆ ತರಬೇಕಾಯಿತು. 1972ರ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಎಲಿಜಬೆತ್ ಹೋಲ್ಟ್ಸ್‌ಮನ್ ಎಂಬ ಯುವ ವಕೀಲೆ ಎದುರು ನಿಂತಾಗ, 84ರ ಸೆಲ್ಲರ್ ಆಕೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಆರುನೂರು ಚಿಲ್ಲರೆ ಮತಗಳಲ್ಲಿ ಸೋತರು. ಎರಡು ವರ್ಷ ಕಳೆದು ರಾಷ್ಟ್ರಾಧ್ಯಕ್ಷ ನಿಕ್ಸನ್ ಮೇಲಿನ ಮಹಾಭಿಯೋಗ ಅದೇ ಸಮಿತಿಯ ಮುಂದೆ ಬಂದಾಗ ಹೋಲ್ಟ್ಸ್‌ಮನ್ ಅದರ ಸದಸ್ಯೆ. ಗೆದ್ದಿದ್ದರೆ ಅಂದು ಸಮಿತಿಯ ಅಧ್ಯಕ್ಷರ ಕುರ್ಚಿ ಸೆಲ್ಲರ್ ಅವರದೇ ಆಗಿರುತ್ತಿತ್ತು. ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಕನಿಕರವಿಲ್ಲ.